ಬಾಗಿಲ ಮೇಲೆ ಖಾಲಿ ಬಿಟ್ಟ ಜಾಗ

ಮಸ್ಕಿಯಲ್ಲಿ ನಮ್ಮ ಮನೆ ಮತ್ತು ದೊಡ್ಡಪ್ಪನ ಮಗನ ಮನೆ ಎದುರುಬದುರು. ನಡುವೆ ಒಂದು ಬಂಡಿ ಹಾಯುವಷ್ಟು ಓಣಿ. ಬೆಳಿಗ್ಗೆ ನಾನು ಬಾಗಿಲು ತೆಗೆದರೆ ಮೊದಲು ಕಾಣುತ್ತಿದ್ದುದು ಅವನ ಬಾಗಿಲು. ದೇವರ ಮುಖಕ್ಕಿಂತ ಮೊದಲು ಅವನ ಬಾಗಿಲ ಮುಖ ನೋಡಿ ದಿನ ಶುರು ಮಾಡಿದವನು ನಾನು.

ಅವನು ನನಗಿಂತ ಕೆಲವೇ ತಿಂಗಳು ದೊಡ್ಡವನು. ಆದರೂ ಅಣ್ಣ ಎನ್ನಬೇಕಿತ್ತು. ಇಬ್ಬರೂ ಒಂದೇ ಶಾಲೆ, ಒಂದೇ ಬೆಂಚು. ನಾನು ಎಸ್ಸೆಸ್ಸೆಲ್ಸಿ ಪಾಸಾದೆ, ಅವನು ಗಣಿತದಲ್ಲಿ ಹೋದ. ಆ ಒಂದು ದಿನ ನನಗಾದ ಸಂತೋಷ ಮುಂದೆಂದೂ ಆಗಲಿಲ್ಲ. ಇನ್ನು ಜನ್ಮವಿಡೀ ನಾನು ಮುಂದೆ, ಅವನು ಹಿಂದೆ ಅಂದುಕೊಂಡಿದ್ದೆ. ಆದದ್ದು ಬೇರೆ. ನಾನು ಸಿಂಧನೂರಿನ ಬೀಜ-ಗೊಬ್ಬರದ ಅಂಗಡಿಯಲ್ಲಿ ಗುಮಾಸ್ತನಾದೆ. ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು, ರಾತ್ರಿ ಗೊಬ್ಬರದ ವಾಸನೆ ಹೊತ್ತು ಬರುವುದು. ಅವನು ದಢೇಸುಗೂರಿನ ಹೆಣ್ಣು ತಂದ. ಕಾಲುವೆ ನೀರಿನ ಗದ್ದೆ ಹೆಂಡತಿಯ ಬೆನ್ನಿಗೇ ಬಂತು. ನಾವು ಜೋಳದ ರೊಟ್ಟಿ ಬಡಿಯುವಾಗ ಅವನ ಮನೆಯಿಂದ ಹೊಸ ಅಕ್ಕಿಯ ಅನ್ನದ ವಾಸನೆ ಓಣಿ ದಾಟಿ ಬರುತ್ತಿತ್ತು. ಒಂದು ಗಂಗಾಳ ನಮಗೂ ಕಳಿಸುತ್ತಿದ್ದ. ಅದನ್ನು ಉಣ್ಣುವಾಗಲೂ ನನಗೆ ಕೋಪವೇ.

ಎಂಬತ್ತರ ದಶಕದ ನಡುವೆ ಅವನ ದೊಡ್ಡ ಮಗಳ ಮದುವೆ ಗೊತ್ತಾಯಿತು. ಲಿಂಗಸುಗೂರಿನಿಂದ ಪೇಂಟರನನ್ನು ಕರೆಸಿದ.

ನಮ್ಮ ಓಣಿಯ ರೂಢಿ ಹೇಳಬೇಕು. ಗೋಡೆಗೆ ಸುಣ್ಣ ವರ್ಷಕ್ಕೊಮ್ಮೆ, ದಸರೆಗೆ. ಹೊರಗಿನ ಕಟ್ಟಿಗೆಗೆ, ಅಂದರೆ ದೊಡ್ಡ ಬಾಗಿಲು, ಚೌಕಟ್ಟು, ಕಿಟಕಿ, ಕಟ್ಟೆಯ ಮೇಲಿನ ಕಂಬಗಳಿಗೆ, ಬಣ್ಣ ಹಚ್ಚುವುದು ಮನೆಯಲ್ಲಿ ಮದುವೆ ಗೊತ್ತಾದಾಗ ಮಾತ್ರ. ಅಲ್ಲಿಯವರೆಗೆ, ಅಡುಗೆಯಲ್ಲಿ ಉಳಿದ ಕುಸುಬಿ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸಿ ಬಿಡುವುದು. ಹಾಗಾಗಿ ಯಾರದಾದರೂ ಹೊರಬಾಗಿಲು ಹೊಳೆಯಿತು ಎಂದರೆ ಆ ಮನೆಯಲ್ಲಿ ವೀಳ್ಯ ಆಗಿದೆ, ಮದುವೆ ಪಕ್ಕಾ ಎಂದೇ ಲೆಕ್ಕ. ಪತ್ರಿಕೆ ಹಂಚುವ ಮೊದಲೇ ಬಾಗಿಲು ಊರಿಗೆ ಸುದ್ದಿ ಹೇಳುತ್ತಿತ್ತು. ಬಾಗಿಲ ಮೇಲಿನ ಹಲಗೆಯಲ್ಲಿ ಪೇಂಟರ್ ಹೂಬಳ್ಳಿಯ ಚೌಕ ಬರೆದು, ಅದರೊಳಗೆ ವಧು-ವರರ ಹೆಸರು ಬರೆಯುತ್ತಿದ್ದ. ಮದುವೆಯಾಗಿ ಮಕ್ಕಳಾದ ಮೇಲೂ ಆ ಹೆಸರುಗಳು ಅಲ್ಲೇ ಇರುತ್ತಿದ್ದವು.

ಆ ಪೇಂಟರ್ ಬಾಯಿಬಡುಕ, ಆದರೆ ಕೈ ಒಳ್ಳೆಯದು. ಬೇವಿನ ಬಾಗಿಲಿಗೆ ಮೊದಲು ಹಳದಿ ಬಳಿದು ಒಣಗಿಸಿ, ಮೇಲೆ ತೆಳ್ಳಗೆ ಕಂದು ಹಚ್ಚಿ, ಅದು ಹಸಿ ಇರುವಾಗಲೇ ಹಲ್ಲು ಕೊಯ್ದ ರಬ್ಬರಿನ ತುಂಡು ಎಳೆಯುತ್ತಿದ್ದ. ನೋಡನೋಡುತ್ತ ಬೇವಿನ ಮೇಲೆ ಸಾಗವಾನಿಯ ಗೆರೆಗಳು ಏಳುತ್ತಿದ್ದವು. ನಡುವೆ ಹೆಬ್ಬೆರಳು ಒತ್ತಿ ಗಂಟು ಕೂಡ ಮೂಡಿಸುತ್ತಿದ್ದ. ಕೆಲಸ ಮುಗಿದ ದಿನ ಓಣಿಯವರೆಲ್ಲ ಬಂದು ಅಣ್ಣನ ಬಾಗಿಲು ಮುಟ್ಟಿ ಮುಟ್ಟಿ ನೋಡಿದರು. ನಾನೊಬ್ಬ ಹೋಗಲಿಲ್ಲ. ನಮ್ಮ ಕಿಟಕಿಯಿಂದ ನೋಡಿದೆ.

ಮದುವೆಯಾಯಿತು. ಮದುಮಗಳು ಹೋದಳು. ಬಾಗಿಲು ಮಾತ್ರ ಎದುರಿಗೇ ಉಳಿಯಿತು. ಬೆಳಗಿನ ಬಿಸಿಲು ಅದರ ಮೇಲೆ ಬಿದ್ದು ನಮ್ಮ ಪಡಸಾಲೆಯೊಳಗೆ ಹೊಳಪು ಬರುತ್ತಿತ್ತು. ನಮ್ಮ ಬಾಗಿಲು ಎಣ್ಣೆ ಕುಡಿದು ಕುಡಿದು ಕಪ್ಪಾಗಿ, ಅಡುಗೆಮನೆಯ ಬಾಣಲೆಯ ಹಾಗೆ ಇತ್ತು. ಬಸ್ಸಿನಿಂದ ಇಳಿದು ಓಣಿ ತಿರುಗುವಾಗ ನಾನು ತಲೆ ತಗ್ಗಿಸಿ ಬರತೊಡಗಿದೆ.

ನಮ್ಮ ಮನೆಯಲ್ಲೂ ಒಬ್ಬಳು ಮದುವೆಯ ವಯಸ್ಸಿಗೆ ಬಂದವಳಿದ್ದಳು. ನನ್ನ ಮಕ್ಕಳು ಇನ್ನೂ ಸಣ್ಣವರು, ಇವಳು ನನ್ನ ಕೊನೆಯ ತಂಗಿ. ಅವಳಿಗೂ ಅಣ್ಣನ ಮಗಳಿಗೂ ಹೆಚ್ಚು ವಯಸ್ಸಿನ ಅಂತರವಿರಲಿಲ್ಲ, ಒಂದೇ ಕಟ್ಟೆಯ ಮೇಲೆ ಕುಂಟೆಬಿಲ್ಲೆ ಆಡಿದವರು. ಅಪ್ಪ ತೀರಿಕೊಂಡ ಮೇಲೆ ಅವಳ ಜವಾಬುದಾರಿ ನನ್ನದು. ಗುರುಗುಂಟಾದಿಂದ ಒಂದು ಮನೆಯವರು ಬಂದು ಅವಳನ್ನು ನೋಡಿ ಹೋಗಿದ್ದರು. ಹುಡುಗ ಮೈಮುರಿದು ದುಡಿಯುವವನು, ಮನೆ ತುಂಬ ದನ. ತಂಗಿಗೆ ಮನಸ್ಸಾಗಿತ್ತು. ಅವಳು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಅವರು ಬಂದು ಹೋದ ಮೇಲೆ ರೊಟ್ಟಿ ಬಡಿಯುವಾಗ ಹಾಡಿಕೊಳ್ಳುತ್ತಿದ್ದಳು. “ಜ್ವಾಳದ ರಾಶಿ ಮುಗೀಲಿ, ಬಂದು ವೀಳ್ಯ ಕೊಡತೀವಿ” ಎಂದು ಹುಡುಗನ ತಂದೆ ಹೇಳಿ ಹೋಗಿದ್ದ.

ರಾಶಿ ಮುಗಿಯುವವರೆಗೆ ನನಗೆ ತಡೆಯಲಾಗಲಿಲ್ಲ. ಒಂದು ಭಾನುವಾರ ಲಿಂಗಸುಗೂರಿಗೆ ಹೋಗಿ ಅದೇ ಪೇಂಟರನನ್ನು ಹಿಡಿದೆ. ಬಸ್‌ಸ್ಟ್ಯಾಂಡ್ ಹತ್ತಿರ ಚಹಾ ಕುಡಿಯುತ್ತ ಕುಳಿತಿದ್ದ.

“ನಮ್ಮ ಮನಿದೂ ಮಾಡಬೇಕು. ಎದರ ಮನಿಗಿಂತ ಚಲೋ ಆಗಬೇಕು.”

“ಎದರ ಮನೀದೂ ನಾನ ಮಾಡೀನಲ್ರೀ. ನನಗಿಂತ ನಾ ಹ್ಯಾಂಗ ಚಲೋ ಮಾಡ್ಲಿ?” ಎಂದು ನಕ್ಕ. “ಆತು, ಮಾಡೂಣು. ಯಾರ ಶಾದಿರೀ?”

“ಅದೆಲ್ಲಾ ಆಮ್ಯಾಲ ಹೇಳ್ತೀನಿ. ನೀ ಬಾ.”

ಮನೆಗೆ ಬಂದು ಹೇಳಿದಾಗ ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. “ಯಪ್ಪಾ, ವೀಳ್ಯ ಆಗದ ಬಾಗಿಲಕ ಬಣ್ಣ ಹಚ್ಚತಾರೇನು? ಮಂದಿ ಏನ ತಿಳಕೋತಾರ?”

“ತಿಳಕೊಳ್ಳಲಿ ಬೇ. ಇವತ್ತಲ್ಲ ನಾಳೆ ಆಗೂದ ಐತಲ್ಲ. ಬಣ್ಣಕ್ಕೂ ಮದುವಿಗೂ ಏನ ಸಂಬಂಧ? ಕಟ್ಟಿಗಿಗೆ ಹುಳ ಹತ್ತಬಾರದಂತ ಹಚ್ಚೂದು.”

ಓದಿದವನ ಮಾತು ಎಂದು ಅವ್ವ ಮತ್ತೆ ಮೊರ ಎತ್ತಿಕೊಂಡಳು. ಹುಳದ ಚಿಂತೆ ನನಗೆ ಎಂದೂ ಇರಲಿಲ್ಲ. ತಂಗಿ ಒಳಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. “ಗುರುಗುಂಟಾದವರಿಗೆ ಒಂದ ಮಾತು ತಿಳಿಸಿಬಿಡಣ್ಣ” ಎಂದಳು. ಹೆಣ್ಣಿನ ಕಡೆಯವರು ತಾವಾಗಿ ಹೋಗುವುದೆಂದರೆ ಸಣ್ಣತನ ಎಂದು ನಾನು ಹೋಗಲಿಲ್ಲ.

ಪೇಂಟರ್ ಬಂದ. ನಮ್ಮ ಬಾಗಿಲು ಕುಡಿದ ಎಣ್ಣೆ ತೆಗೆಯಲು ಸೋಡಾ ನೀರು ಹಾಕಿ ತಿಕ್ಕಿದ, ಪಾಲಿಶ್ ಪೇಪರ್ ಹಚ್ಚಿದ. “ಇದು ಬಾಗಿಲಾ ಅಲ್ರೀ, ಎಣ್ಣಿ ಕುಡದ ಬಜ್ಜಿ” ಎಂದು ಅವ್ವನನ್ನು ನಗಿಸಿದ. ಸಾಗವಾನಿಯ ಗೆರೆ ಎಳೆದ. ಅಣ್ಣನ ಬಾಗಿಲಲ್ಲಿ ಎಷ್ಟು ಗಂಟು ಇದ್ದವೋ ಅದಕ್ಕಿಂತ ಹೆಚ್ಚು ಇರಲಿ ಎಂದೆ.

“ಗಂಟ ಹೆಚ್ಚಾದ್ರ ಕೆಟ್ಟ ಕಟ್ಟಿಗಿ ಅಂತಾರ್ರೀ.”

“ಇರಲಿ, ನೀ ಹಾಕು.”

ಬಾಗಿಲ ಮೇಲಿನ ಹಲಗೆಯಲ್ಲಿ ಹೂಬಳ್ಳಿಯ ಚೌಕ ಎದುರು ಮನೆಯದಕ್ಕಿಂತ ದೊಡ್ಡದು ಬರೆಸಿದೆ. ದಪ್ಪ ಬಣ್ಣದಲ್ಲಿ, ಎರಡೆರಡು ಸುತ್ತು. ಅವನು ಸಣ್ಣ ಕುಂಚ ಕೈಗೆ ತೆಗೆದುಕೊಂಡು, ಏಣಿಯ ಮೇಲಿಂದಲೇ ಕೇಳಿದ: “ಈಗರೆ ಹೇಳ್ರೀ. ಯಾರ ಹೆಸರು?”

“ಖಾಲಿ ಬಿಡು. ಆಮ್ಯಾಲ ಬರಸ್ತೀನಿ.”

ಅವನು ನನ್ನನ್ನೊಮ್ಮೆ, ಚೌಕವನ್ನೊಮ್ಮೆ ನೋಡಿ ಕೆಳಗಿಳಿದ.

ಖಾಲಿ ಬಿಟ್ಟ ಜಾಗವೇ ಓಣಿಯವರ ಬಾಯಿಗೆ ಕೆಲಸ ಕೊಟ್ಟಿತು. ದೊಡ್ಡ ಸಂಬಂಧ ಇರಬೇಕು, ದೃಷ್ಟಿಯಾದೀತೆಂದು ಹೆಸರು ಮುಚ್ಚಿಟ್ಟಿದ್ದಾರೆ ಎಂದರು. ಅಂಗಡಿ ಮುಂದೆ, ಹಜಾಮರ ಕಟ್ಟೆಯ ಮೇಲೆ, ಎಲ್ಲಿ ಹೋದರೂ “ಯಾವಾಗ್ರೀ ಮುಹೂರ್ತ?” ಎಂಬ ಪ್ರಶ್ನೆ. ಇಲ್ಲ, ಇನ್ನೂ ಏನೂ ಆಗಿಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ನಗುತ್ತಿದ್ದೆ. ಜನ ನನ್ನ ಬಾಗಿಲ ಕಡೆ ನೋಡಿ ಆಮೇಲೆ ಅಣ್ಣನ ಬಾಗಿಲ ಕಡೆ ನೋಡುವುದು ನನಗೆ ಅಮೃತವಾಗಿತ್ತು.

ಇಷ್ಟೇ ಆಗಿದ್ದರೂ ನಡೆಯುತ್ತಿತ್ತೇನೋ. ಒಂದು ದಿನ ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ಪಕ್ಕಕ್ಕೆ, ತಲೆಗೆ ಪಟಗಾ ಸುತ್ತಿದ ಹಿರಿಯನೊಬ್ಬ ಕುಳಿತ. ಗುರುತಿಲ್ಲ. ಮುಂದಿನ ಸೀಟಿನಲ್ಲಿ ನಮ್ಮ ಓಣಿಯವನೇ ಒಬ್ಬನಿದ್ದ. ಅವನಿಗೂ ಅಣ್ಣನಿಗೂ ದಿನಾ ಕೂತು ಎಲೆ ಅಡಿಕೆ ಹಾಕುವ ಸ್ನೇಹ. ಅವನ ಕಿವಿಗೆ ಬಿದ್ದರೆ ಅಣ್ಣನ ಕಿವಿಗೆ ಬಿದ್ದಂತೆ.

ಹಿರಿಯ ಕೇಳಿದ: “ಮಸ್ಕಿ ಒಳಗ ನಿಮ್ಮ ಬಾಗಿಲಾ ನೋಡಿದೆ. ಭಾಳ ಚಂದ ಆಗೈತಿ. ಸಂಬಂಧ ಕೂಡಿತೇನು?”

“ಕೂಡಿದಂಗರೀ. ದೊಡ್ಡ ಮನಿತನ. ಎದರ ಮನಿಯವರ ಬೀಗರು ಇವರ ಮುಂದ ಏನೂ ಅಲ್ಲ.” ಮುಂದಿನ ಸೀಟಿಗೆ ಕೇಳಲೆಂದೇ ದನಿ ಏರಿಸಿದ್ದೆ.

“ಹೌದಾ? ಗುರುಗುಂಟಾದವರು ಯಾರೋ ನೋಡಿ ಹೋಗಿದ್ರಂತಲ್ಲ?”

ದೊಡ್ಡ ಮನೆತನ ಎಂದು ಹೇಳಿಯಾಗಿತ್ತು. ಇನ್ನು ದನ ಸಾಕುವವರ ಹೆಸರು ಹೇಳುವುದು ಹೇಗೆ?

“ಅವರಾ? ಬಿಡ್ರಿ, ದನದ ಹಿಂದ ತಿರುಗೂ ಮಂದಿ. ಅವರಿಗೆ ಯಾರ ಕೊಡತಾರ?”

ಹಿರಿಯ ಕಿಟಕಿಯ ಕಡೆ ತಿರುಗಿ ಕುಳಿತ. ಬಸ್ಸು ನಿಂತಾಗ ಪಟಗಾ ಸರಿಮಾಡಿಕೊಂಡು ಇಳಿದು ಹೋದ. ಅವನು ಗುರುಗುಂಟಾದ ಆ ಹುಡುಗನ ಸೋದರಮಾವ, ಬಾಗಿಲ ಸುದ್ದಿ ಕೇಳಿ ವಿಚಾರಿಸಲು ಬಂದಿದ್ದವನು; ನನಗೆ ಅದು ತಿಳಿದದ್ದು ಎಷ್ಟೋ ದಿನಗಳ ಮೇಲೆ. ಹೆಣ್ಣು ನೋಡಲು ಬಂದ ದಿನ ಅವನು ಬಂದಿರಲಿಲ್ಲ, ಹಾಗಾಗಿ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆಡುತ್ತಿರಲಿಲ್ಲ. ಆದರೆ ಗೊತ್ತಿಲ್ಲದವನ ಮುಂದೆ ಆಡಿದ್ದೂ ಆಡಿದ್ದೇ.

ಜೋಳದ ರಾಶಿ ಮುಗಿಯಿತು. ಅವರು ಬರಲಿಲ್ಲ. ತಂಗಿ ದಿನಾ ಕಟ್ಟೆ ಸಾರಿಸಿ ರಂಗೋಲಿ ದೊಡ್ಡದು ಹಾಕುತ್ತಿದ್ದಳು, ಆಮೇಲೆ ಸಣ್ಣದು ಹಾಕತೊಡಗಿದಳು. ಒಂದು ಮಧ್ಯಾಹ್ನ ಲಿಂಗಸುಗೂರಿನ ಸಂತೆಗೆ ಹೋದವರು ಸುದ್ದಿ ತಂದರು: ಆ ಹುಡುಗನಿಗೆ ಬೇರೆ ಕಡೆ ವೀಳ್ಯವಾಗಿದೆ.

ಅದೇ ಸಂಜೆ ಅಣ್ಣ ತನ್ನ ಮೋಟರ್ ಸೈಕಲ್ ಮೇಲೆ ಓಣಿಗೆ ಬಂದ. ಮೈತುಂಬ ಧೂಳು, ತಲೆಗೂದಲು ಕೆಂಪಾಗಿತ್ತು. ನನ್ನನ್ನು ನೋಡಿ ಗಾಡಿ ನಿಲ್ಲಿಸಿ ಹೇಳಿದ: “ಗುರುಗುಂಟಾಕ್ಕ ಹೋಗಿದ್ನೋ ತಮ್ಮ. ವ್ಯಾಳೆ ಮೀರಿ ಹೋಗೈತಿ.”

‘ಹೋಗಿದ್ದೆ’ ಎಂಬುದೊಂದೇ ನನ್ನ ಕಿವಿಗೆ ಬಿತ್ತು. ಇವನೇಕೆ ಹೋದ? ನಾನು ನನ್ನ ಹೊಸ ಬಾಗಿಲ ಮುಂದೆ ನಿಂತು ಓಣಿಯೆಲ್ಲ ಕೇಳುವಂತೆ ಕೂಗಿದೆ.

“ನನ್ನ ಬಾಗಿಲಾ ಹೊಳದದ್ದು ನಿನ್ನ ಕಣ್ಣಾಗ ಚುಚ್ಚಿತೇನು? ನಿನ್ನ ಮಗಳ ಮದುವಿ ಆತು, ನನ್ನ ತಂಗೀದು ಆಗಬಾರದಂತ ಹೋಗಿ ಕಲ್ಲ ಹಾಕಿ ಬಂದೇನು?”

ಜನ ಕಟ್ಟೆಗಳಿಗೆ ಬಂದು ನಿಂತರು. ಅಣ್ಣ ಗಾಡಿಯ ಮೇಲೆ ಕುಳಿತೇ ಇದ್ದ. ಏನೋ ಹೇಳಲು ಬಾಯಿ ತೆಗೆದ. ನಮ್ಮ ಬಾಗಿಲಲ್ಲಿ ತಂಗಿ ಬಂದು ನಿಂತದ್ದನ್ನು ನೋಡಿ ಬಾಯಿ ಮುಚ್ಚಿದ. ಗಾಡಿ ತಳ್ಳಿಕೊಂಡು ಒಳಗೆ ಹೋದ. ಉತ್ತರ ಕೊಡಲಿಲ್ಲವೆಂದರೆ ತಪ್ಪು ಅವನದೇ ಎಂದು ನಾನು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದೆ. ಕೆಲವರು ನಂಬಿದರು. ನಮ್ಮ ಬಳಗದ ಒಂದೆರಡು ಮನೆಗಳಲ್ಲಿ ಅವನನ್ನು ಕಾರ್ಯಗಳಿಗೆ ಕರೆಯುವುದೂ ನಿಂತಿತು. ಆ ಹೊತ್ತಿಗೆ ನನಗೆ ತಂಗಿಯ ದುಃಖ ಹಿಂದೆ ಬಿತ್ತು, ಅದೇ ಸಮಾಧಾನ ಕೊಟ್ಟಿತು. ಇದನ್ನೂ ಬರೆಯುತ್ತೇನೆ.

ಮುಂಗಾರು ಬಿತ್ತನೆಯ ಕಾಲಕ್ಕೆ ನಮ್ಮ ಅಂಗಡಿಗೆ ಬೀಜ ಒಯ್ಯಲು ಒಬ್ಬ ಹಿರಿಯ ಬಂದ. ಪಟಗಾ ನೋಡಿ ಬಸ್ಸಿನವನೆಂದು ಗುರುತು ಸಿಕ್ಕಿತು. ಅವನಿಗೂ ಸಿಕ್ಕಿತು.

“ಏನ್ರೀ, ದೊಡ್ಡ ಮನಿತನದ ಬೀಗರು ಆರಾಮದಾರೇನು?” ಎಂದ. ನಾನು ಬೀಜದ ಚೀಲ ಎಳೆದು ಮುಂದಿಟ್ಟೆ. “ನಾ ಆ ಹುಡುಗನ ಸ್ವಾದರಮಾವ. ದನದ ಹಿಂದ ತಿರುಗೂ ಮಂದಿ. ನಿಮ್ಮಣ್ಣ ಬಂದಿದ್ದ ನಮ್ಮ ಕಡೆ. ಹೊಸ್ತಿಲದಾಗ ಕುಂತು ಬೇಡಿಕೊಂಡ ಪುಣ್ಯಾತ್ಮ. ‘ನಮ್ಮ ತಮ್ಮಂದು ಬಾಯಿ ಕೆಟ್ಟದ್ದು, ಹುಡುಗಿ ಬಂಗಾರದಂಥಾಕಿ, ಅವನ ಮಾತಿಗೆ ಆಕಿಗೆ ಶಿಕ್ಷಾ ಕೊಡಬ್ಯಾಡ್ರಿ’ ಅಂದ. ಎರಡ ದಿನ ಮೊದಲ ಬಂದಿದ್ರ ಕೇಳ್ತಿದ್ವಿ. ವೀಳ್ಯ ಕೊಟ್ಟುಬಿಟ್ಟಿದ್ವಿ.”

ಬೀಜದ ಚೀಲ ಹೆಗಲಿಗೇರಿಸಿಕೊಂಡು ಹೋದ. ನಾನು ಗಲ್ಲಾಪೆಟ್ಟಿಗೆಯ ಹಿಂದೆ ನಿಂತೇ ಇದ್ದೆ. ನಾಚಿಕೆಯಾಯಿತೆಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಮೊದಲು ಬಂದದ್ದು ನಾಚಿಕೆಯಲ್ಲ, ಹೊಟ್ಟೆಕಿಚ್ಚು. ಗದ್ದೆ ಅವನದು, ಬಾಗಿಲು ಅವನದು, ಇನ್ನು ಒಳ್ಳೆಯತನವೂ ಅವನದೇ ಆಯಿತಲ್ಲ ಎಂದು ಒಳಗೆ ಉರಿಯಿತು. ನಿಜ ಗೊತ್ತಿದ್ದೂ ಓಣಿಯಲ್ಲಿ ನನ್ನ ಬೈಗುಳ ತಿಂದು ಒಳಗೆ ಹೋದವನನ್ನು ಕ್ಷಮಿಸಲು ನನಗೆ ಆಗಲಿಲ್ಲ. ಊರಿಗೆ ಬಂದು ಯಾರಿಗೂ ಏನೂ ಹೇಳಲಿಲ್ಲ.

ತಂಗಿಗೆ ಆಮೇಲೆ ಸಂಬಂಧ ಬರುವುದು ಕಡಿಮೆಯಾಯಿತು. ಬಾಗಿಲಿಗೆ ಬಣ್ಣ ಬಿದ್ದು ಮದುವೆ ನಿಂತ ಮನೆ ಎಂದರೆ ಹೆಣ್ಣಿನಲ್ಲೇ ಏನೋ ಐಬು ಎಂದು ಜನ ಅಂದರು. ತೊಂಬತ್ತರ ದಶಕ ಶುರುವಾದ ಮೇಲೆ, ಸಿಂಧನೂರಿನ ಕಡೆ, ಹೆಂಡತಿ ಸತ್ತ ಒಬ್ಬನಿಗೆ ಕೊಟ್ಟೆವು. ಮನುಷ್ಯ ಒಳ್ಳೆಯವನು. ಆದರೆ ಮೊದಲ ದಿನದಿಂದಲೇ ಇನ್ನೊಬ್ಬಳ ಮಕ್ಕಳಿಗೆ ತಲೆ ಬಾಚುವ ಸಂಸಾರ. ಗುಡಿಯಲ್ಲಿ ತಾಳಿ ಕಟ್ಟಿಸಿದೆವು. “ಬಾಗಿಲ ಮ್ಯಾಲ ಹೆಸರು ಬರಸೂನು” ಎಂದೆ. “ಬ್ಯಾಡ” ಎಂದಳು. ಆ ಚೌಕ ಹಾಗೆಯೇ ಉಳಿಯಿತು.

ಪ್ರತಿ ವರ್ಷ ನಾಗರಪಂಚಮಿಗೆ ತವರಿಗೆ ಬರುತ್ತಿದ್ದಳು. ಬೆಲ್ಲದ ಉಂಡಿ ಕಟ್ಟಿ, ತಾಟಿನಲ್ಲಿ ಇಟ್ಟು, ಮೇಲೆ ಬಟ್ಟೆ ಮುಚ್ಚಿ, ಮೊದಲ ತಾಟು ಓಣಿ ದಾಟಿಸಿ ಅಣ್ಣನ ಮನೆಗೆ ಒಯ್ಯುತ್ತಿದ್ದಳು. ಎರಡನೆಯದು ನನಗೆ. ಒಡಹುಟ್ಟಿದವನು ನಾನು, ಮೊದಲ ತಾಟು ಅವನಿಗೆ. ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದೆ. ಯಾಕೆ ಎಂದು ಕೇಳಲಿಲ್ಲ. ದೂರದ ಸಂಬಂಧಕ್ಕೆ ಮರ್ಯಾದೆ ಹೆಚ್ಚು ಎಂದುಕೊಂಡು ಉಂಡಿ ನುಂಗುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಅಣ್ಣನ ಚಿಕ್ಕ ಮಗಳ ಮದುವೆ ಬಂತು. ಅದೇ ಪೇಂಟರ್ ಬಂದ. ಈಗ ಗಡ್ಡ ಬೆಳ್ಳಗಾಗಿತ್ತು, ಬಾಯಿ ಮಾತ್ರ ಹಾಗೇ ಇತ್ತು. ಎದುರು ಮನೆಯ ಕೆಲಸ ಮುಗಿಸಿ ಡಬ್ಬಿ ಎತ್ತಿಕೊಂಡು ನೇರ ನಮ್ಮ ಕಟ್ಟೆಗೆ ಬಂದ.

“ನಿಮ್ಮಣ್ಣಾರು ಕಳಿಸ್ಯಾರ್ರೀ. ಮದುವಿ ಮನಿ ಎದರಿಗೆ ಈ ಬಾಗಿಲಾ ಹಿಂಗಿದ್ರ ಅವರ ಬಾಗಿಲಕ ಶೋಭಾ ಬರಂಗಿಲ್ಲಂತ.”

ನಾನು ಬೇಡ ಎನ್ನಬೇಕೆಂದಿದ್ದೆ. ಮದುವೆಗೆಂದು ಮೊದಲೇ ಬಂದಿದ್ದ ತಂಗಿ ಒಳಗಿಂದಲೇ “ಹಚ್ಚರಿ” ಎಂದಳು.

ಪೇಂಟರ್ ಏಣಿ ಹತ್ತಿ ಮೇಲಿನ ಹಲಗೆ ನೋಡಿದ. “ಯಾ ಅಲ್ಲಾ, ಇದು ಇನ್ನಾ ಖಾಲಿ ಐತಲ್ರೀ! ಈಗರೆ ಏನರ ಬರೀಲೇನು?”

“ಅಳಿಸಿಬಿಡು” ಎಂದೆ.

ಅವನು ಮೇಲೆ ಕಂದು ಬಳಿಯತೊಡಗಿದ. ತಂಗಿ ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದಳು. ಅವಳ ಕೂದಲಲ್ಲೂ ಒಂದೆರಡು ಬಿಳಿ. ಯಾಕೋ ಆಗ ನನ್ನ ಬಾಯಿ ತೆರೆಯಿತು. ಬಸ್ಸು, ಹಿರಿಯ, ದನದ ಹಿಂದೆ ತಿರುಗುವ ಮಂದಿ, ಎಲ್ಲ ಹೇಳಿದೆ. ಅವಳು ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ.

“ಗೊತ್ತೈತಿ” ಎಂದಳು.

“ಅಣ್ಣ ಹೇಳಿದ್ನಾ?”

“ಅಂವ ಎಲ್ಲಿ ಹೇಳತಾನ? ನೀ ಮುಂದಿನ ಸೀಟಿನಾಂವಗ ಕೇಳಲೆಂತ ಒದರಿದ್ದೆಲ್ಲ, ಅಂವಗ ಆ ಹಿರಿಯಾನ ಗುರುತಿತ್ತು, ಮನಿಗೆ ಬಂದು ಹೇಣ್ತಿಗೆ ಹೇಳಿದ್ದ. ಆಕಿ ಅವತ್ತ ಸಂಜೀಕ ನಳದ ಹತ್ರ ನನಗ ಹೇಳಿದ್ಲು. ಅಣ್ಣಗೂ ಹಂಗ ಗೊತ್ತಾಗಿದ್ದು. ಅಂವಾ ನಿನ್ನ ಮರ್ಯಾದಿ ಹೋಗಬಾರದಂತ ನೀನ ಹೋಗ್ತಿ ಅಂತ ಕಾದು, ನೀ ಹೋಗಲಿಲ್ಲಂತ ತಾ ಹೋದ. ಅದಕ್ಕ ತಡ ಆತು.”

“ಹಂಗಾರ ನೀ ಯಾಕ ಏನೂ ಅನಲಿಲ್ಲ?”

“ನೀನ ಹೇಳ್ತಿ ಅಂತ ಕಾದೆ. ಒಂದ ವರ್ಷ ಕಾದೆ, ಮತ್ತೊಂದ ವರ್ಷ ಕಾದೆ. ನೀ ಹೇಳಲಿಲ್ಲ. ಉಂಡಿ ತಾಟು ಮೊದಲ ಎಲ್ಲಿಗೆ ಹೋಗತೈತಿ ಅಂತ ದಿಟ್ಟಿಸಿ ನೋಡ್ತಿದ್ದಿ. ಯಾಕಂತ ಒಮ್ಮೆರೆ ಕೇಳಿದೇನು?” ಮೊರದಲ್ಲಿನ ಕಲ್ಲುಗಳನ್ನು ಓಣಿಗೆ ಎಸೆದಳು. “ಈಗ ನನ್ನ ಮುಂದ ಹೇಳಿ ಏನ ಬಂತು? ಬೈದದ್ದು ಯಾರಿಗೆ? ಓಣಿ ಎಷ್ಟ ಅಗಲ ಐತಿ, ದಾಟು.”

ಎದ್ದೆ. “ಹಸಿ ಐತ್ರೀ, ಚೌಕಟ್ಟ ಮುಟ್ಟಬ್ಯಾಡ್ರಿ!” ಎಂದು ಪೇಂಟರ್ ಮೇಲಿಂದ ಕೂಗಿದ. ಮುಟ್ಟದೆ ಇಳಿದೆ. ಅಣ್ಣ ತನ್ನ ಕಟ್ಟೆಯ ಮೇಲೆ ಹಂದರದವರ ಜೊತೆ ಮಾತಾಡುತ್ತಿದ್ದ. ಓಣಿಯಲ್ಲಿ ಕೂಗಿದ್ದನ್ನು ಓಣಿಯಲ್ಲೇ ಕೂಗಿ ತಿದ್ದಬೇಕೆಂದು ಅಲ್ಲೇ ನಡುವೆ ನಿಂತೆ.

“ಅಣ್ಣ, ಅವತ್ತ ನೀ ಕಲ್ಲ ಹಾಕಲಿಲ್ಲ. ನಾ...”

ಅವನು ಗಡಬಡಿಸಿ ಕೆಳಗಿಳಿದು ಬಂದು ನನ್ನ ರಟ್ಟೆ ಹಿಡಿದ. “ಸಣ್ಣಗ ಮಾತಾಡೋ, ಒಳಗ ಬೀಗರು ಬಂದಾರ. ನಿನ್ನ ಬಗ್ಗೆ ಏನರ ತಿಳಕೊಂಡಾರು.”

ಹೇಳಬೇಕೆಂದಿದ್ದುದನ್ನು ಅವನ ಕಿವಿಯಲ್ಲಿ ಪಿಸುಗುಟ್ಟಿ ಹೇಳಿದೆ. ಅವನು “ಹ್ಞೂ, ಹ್ಞೂ” ಎನ್ನುತ್ತ ಹಂದರದ ಕಂಬ ಸರಿಯಾಗಿದೆಯೇ ಎಂದು ನೋಡುತ್ತಿದ್ದ. ನಾನು ಕೂಗಿದ್ದನ್ನು ಊರೆಲ್ಲ ಕೇಳಿತ್ತು, ತಪ್ಪೊಪ್ಪಿಕೊಂಡದ್ದನ್ನು ಅವನೊಬ್ಬ ಕೇಳಿದ. ಅದನ್ನೂ ಅವನೇ ಹಾಗೆ ಮಾಡಿದ. ಅದಕ್ಕೇ ಈಗ, ಅವನ ಮನೆಯಲ್ಲೂ ನನ್ನ ಮನೆಯಲ್ಲೂ ಮೊಮ್ಮಕ್ಕಳು ಓದಬಲ್ಲವರಾದ ಮೇಲೆ, ಇದನ್ನು ಬರೆಯುತ್ತಿದ್ದೇನೆ.

ಪೇಂಟರ್ ಚೌಕದ ಮೇಲೆ ಎರಡು ಸಲ ಬಳಿದಿದ್ದ. ಆದರೆ ಹಳೆಯ ಗೆರೆ ದಪ್ಪ. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಕಂದು ಬಣ್ಣದ ಅಡಿಯಿಂದ ಹೂಬಳ್ಳಿ ಏಳುತ್ತದೆ, ನಡುವೆ ಖಾಲಿ.

ಆ ವರ್ಷದ ಪಂಚಮಿಗೂ ಮೊದಲ ತಾಟು ಎದುರು ಮನೆಗೇ ಹೋಯಿತು. ಹೊಟ್ಟೆಯೊಳಗೆ ಹಳೆಯ ಕಿಚ್ಚು ಎದ್ದದ್ದು ಸುಳ್ಳಲ್ಲ. ತಂಗಿ ಓಣಿಯ ನಡುವೆ ನಿಂತು ಹಿಂತಿರುಗಿ ನೋಡಿದಳು. ನಾನು ಕಟ್ಟೆಯಿಂದ ಇಳಿದು ಅವಳ ಹಿಂದೆ ಹೋದೆ. ಅಣ್ಣನ ಪಕ್ಕ ಅವನ ಕಟ್ಟೆಯ ಮೇಲೆ ಕುಳಿತು, ಅವನ ತಾಟಿನಿಂದಲೇ ಒಂದು ಉಂಡಿ ತೆಗೆದು ತಿಂದೆ.